ಮಾರುವೇಷದ ಗ್ರಾಹಕ: ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಒಂದು ಮಾಪನಪಾಠ

ಹಿಂದೆ ನಮ್ಮ ಹಳ್ಳಿಯ ಶಾಲೆಗಳಿಗೆ ಇನ್ಸ್‌ಪೆಕ್ಟರು ಬರುವ ದಿನವೆಂದರೆ ಅದು ಹಬ್ಬಕ್ಕೆ ಸಮನಾಗಿರುತ್ತಿತ್ತು. ಎರಡು ದಿನ ಮುಂಚಿತವಾಗಿಯೇ ಗೋಡೆಗಳಿಗೆ ಸುಣ್ಣ ಬೀಳುತ್ತಿತ್ತು. ಮಕ್ಕಳು ಒಗೆದ ಬಟ್ಟೆ ತೊಟ್ಟು ಬರುತ್ತಿದ್ದರು. ಉತ್ತರ ಬಲ್ಲ ಹುಡುಗರು ಮುಂದಿನ ಸಾಲಿಗೆ, ಉಳಿದವರು ಕಂಬದ ಮರೆಗೆ ಸರಿಯುತ್ತಿದ್ದರು. ಇನ್ಸ್‌ಪೆಕ್ಟರು ಎಲ್ಲವನ್ನೂ ಪರಿಶೀಲಿಸಿ, ದಾಖಲೆಯಲ್ಲಿ ನಾಲ್ಕು ಒಳ್ಳೆಯ ಮಾತು ಬರೆದು ಹೊರಡುತ್ತಿದ್ದರು. ಅವರು ಬರೆದುದು ಸುಳ್ಳಲ್ಲ, ಕಂಡದ್ದನ್ನೇ ಬರೆದಿದ್ದರು. ಆದರೆ ಅವರು ಕಂಡದ್ದು ಇನ್ಸ್‌ಪೆಕ್ಟರು ಬಂದ ದಿನದ ಶಾಲೆಯನ್ನು. ಉಳಿದ ದಿನಗಳ ಶಾಲೆ ಹೇಗಿರುತ್ತದೆಂಬುದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸ ತೊಡಕೇನೂ ಅಲ್ಲ. ಒಂದು ಲೋಟ ಬಿಸಿನೀರಿನಲ್ಲಿ ತಣ್ಣಗಿರುವ ಉಷ್ಣಮಾಪಕವನ್ನು ಅದ್ದಿದರೆ ನೀರು ಸ್ವಲ್ಪ ಆರುತ್ತದೆ. ನಾವು ಓದುವ ಅಂಕಿ ಮೊದಲಿನ ನೀರಿನದಲ್ಲ, ಮಾಪಕ ಮುಟ್ಟಿದ ನೀರಿನದು. ಅಳೆಯುವ ಕ್ರಿಯೆಯೇ ಅಳೆಯಬೇಕಾದುದನ್ನು ಬದಲಾಯಿಸುತ್ತದೆ. ಅಳೆಯಬೇಕಾದುದು ನೀರಾಗಿರದೆ ಮನುಷ್ಯರ ನಡತೆಯಾಗಿದ್ದರೆ ಈ ದೋಷ ಇನ್ನಷ್ಟು ದೊಡ್ಡದಾಗುತ್ತದೆ. ಇದನ್ನು ನಿವಾರಿಸುವ ಉಪಾಯಗಳನ್ನು ತಿಳಿಯಲು ನಾವು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕೇ ಸಾಕು. ಅಮೆರಿಕದಲ್ಲಿ ಸಾಮಾನ್ಯ ಪ್ರಯಾಣಿಕನಂತೆ ಕಾರಿನಲ್ಲಿ ಬಂದು, ಪೆಟ್ರೋಲು ಕೊಂಡು, ಯಾರಿಗೂ ತಿಳಿಯದಂತೆ ಬಂಕನ್ನು ಪರೀಕ್ಷಿಸಿ ಹೋಗುವ ಒಂದು ಕಸುಬು ಬೆಳೆದಿದೆ. ಆ ಕಸುಬಿನವರನ್ನು ಅಲ್ಲಿ ‘ಮಿಸ್ಟರಿ ಷಾಪರ್’ ಎನ್ನುತ್ತಾರೆ. ನಾವು ‘ಮಾರುವೇಷದ ಗ್ರಾಹಕ’ ಎನ್ನೋಣ.

೧. ಪರಿಚಯವಿಲ್ಲದ ಅಂಗಡಿ

ನಮ್ಮ ಬೀದಿಯ ದಿನಸಿ ಅಂಗಡಿಯವನು ತೂಕದಲ್ಲಿ ಕಡಮೆ ಮಾಡಿದರೆ ಒಂದು ವಾರದಲ್ಲಿ ಆ ಸುದ್ದಿ ಬೀದಿಗೆಲ್ಲ ಹರಡುತ್ತದೆ. ಮರುದಿನವೂ ಅವನು ನಮ್ಮ ಮುಖ ನೋಡಬೇಕು. ಈ ಪರಿಚಯವೇ ಅವನ ತಕ್ಕಡಿಗೆ ಕಾವಲು. ಹೆದ್ದಾರಿಯ ಬಂಕಿಗೆ ಇಂಥ ಕಾವಲಿಲ್ಲ. ಅಲ್ಲಿಗೆ ಬರುವವನು ದೂರದ ಊರಿನವನು; ಹತ್ತು ನಿಮಿಷ ನಿಂತು ಹೋದರೆ ಮತ್ತೆ ಬರುವನೆಂಬ ಭರವಸೆಯಿಲ್ಲ. ಅದೂ ಅಲ್ಲದೆ ಅವನು ಕೊಳ್ಳುವ ಪದಾರ್ಥ ಅವನ ಕಣ್ಣಿಗೆ ಕಾಣುವುದಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ಹಾಲನ್ನು ಅಳೆಯುವಾಗ ಪಾವಿನ ತಳ ಒಳಕ್ಕೆ ಉಬ್ಬಿದೆಯೆ ಎಂದು ಇಣುಕಬಹುದು. ಪೆಟ್ರೋಲಾದರೋ ನೆಲದಡಿಯ ಟ್ಯಾಂಕಿನಿಂದ ಹೊರಟು, ರಬ್ಬರು ಕೊಳವೆಯಲ್ಲಿ ಹಾದು, ಕಾರಿನ ಟ್ಯಾಂಕಿನೊಳಗೆ ಮಾಯವಾಗುತ್ತದೆ.

ಈ ಅಪನಂಬಿಕೆಯ ಕಥೆ ಪಂಪಿನಷ್ಟೇ ಹಳೆಯದು. ೧೮೮೫ರಲ್ಲಿ ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇಯ್ನ್ ಪಟ್ಟಣದ ಸಿಲ್ವೇನಸ್ ಬೌಸರ್ ಎಂಬವರು ಸೀಮೆಎಣ್ಣೆಯನ್ನು ಅಳೆದುಕೊಡುವ ಪಂಪೊಂದನ್ನು ಅಂಗಡಿಗಾರನಿಗೆ ಮಾರಿದರು. ಕಾರುಗಳು ಬಂದ ಮೇಲೆ ಅದೇ ಬಗೆಯ ಪಂಪುಗಳು ಪೆಟ್ರೋಲಿಗೂ ಬಳಕೆಯಾದವು. ೧೯೧೩ರ ಡಿಸೆಂಬರಿನಲ್ಲಿ ಗಲ್ಫ್ ಕಂಪನಿಯು ಪಿಟ್ಸ್‌ಬರ್ಗ್ ನಗರದಲ್ಲಿ ಕಾರುಗಳು ಒಳಕ್ಕೇ ಬಂದು ನಿಲ್ಲುವಂಥ ಬಂಕನ್ನು ತೆರೆಯಿತು. ಗಾಳಿ, ನೀರು ಅಲ್ಲಿ ಪುಕ್ಕಟೆ. ಆದರೂ ಗ್ರಾಹಕರ ಸಂಶಯ ಹೋಗಲಿಲ್ಲ. ಆದುದರಿಂದ ಮುಂದಿನ ವರ್ಷಗಳಲ್ಲಿ ಪಂಪಿನ ತಲೆಯ ಮೇಲೆ ಗಾಜಿನ ದೊಡ್ಡ ಜಾಡಿ ಬಂದಿತು. ಮೊದಲು ಪೆಟ್ರೋಲನ್ನು ಕೈಯಿಂದ ಒತ್ತಿ ಜಾಡಿಗೆ ಏರಿಸುವುದು. ಗ್ಯಾಲನ್ನಿನ ಗೆರೆಗಳನ್ನು ಗ್ರಾಹಕನು ಕಣ್ಣಾರೆ ನೋಡುವುದು. ಅನಂತರ ಅದು ತನ್ನ ಭಾರದಿಂದಲೇ ಕಾರಿಗೆ ಇಳಿಯುವುದು. ೧೯೩೦ರ ದಶಕದಲ್ಲಿ ಪ್ರಮಾಣವನ್ನೂ ಬೆಲೆಯನ್ನೂ ತಾನೇ ಲೆಕ್ಕಹಾಕಿ ತೋರಿಸುವ ಪಂಪುಗಳು ಬಂದ ಮೇಲೆ ಗಾಜಿನ ಜಾಡಿ ಮೂಲೆ ಸೇರಿತು. ಕಣ್ಣಿನ ಬದಲು ಅಂಕಿಯನ್ನು ನಂಬುವ ಕಾಲ ಹೀಗೆ ಆರಂಭವಾಯಿತು.

ಪರಿಚಯದ ಸ್ಥಾನವನ್ನು ತುಂಬಲು ಕಂಪನಿಯ ಹೆಸರಿನ ಫಲಕ ಬಂದಿತು. ಒಂದು ಊರಿನಲ್ಲಿ ಆ ಫಲಕದ ಕೆಳಗೆ ಒಳ್ಳೆಯ ಸೇವೆ ಪಡೆದವನು ಐನೂರು ಮೈಲಿ ದೂರದಲ್ಲಿ ಅದೇ ಫಲಕವನ್ನು ಕಂಡಾಗ ಧೈರ್ಯವಾಗಿ ಕಾರು ನಿಲ್ಲಿಸುತ್ತಾನೆ. ಇದರಲ್ಲಿ ಒಂದು ಅಪಾಯವೂ ಉಂಟು. ಅನೇಕ ಬಂಕುಗಳನ್ನು ನಡೆಸುವವರು ಕಂಪನಿಯವರಲ್ಲ, ಸ್ವತಂತ್ರ ವ್ಯಾಪಾರಿಗಳು. ಒಬ್ಬನು ಅಲಕ್ಷ್ಯ ಮಾಡಿದರೆ ಕೆಟ್ಟ ಹೆಸರು ಬರುವುದು ಎಲ್ಲರಿಗೂ. ಆದ್ದರಿಂದಲೇ ದೂರದ ಬಂಕುಗಳು ದಿನನಿತ್ಯ ಹೇಗೆ ನಡೆಯುತ್ತಿವೆಯೆಂದು ತಿಳಿಯುವ ಅವಶ್ಯಕತೆ ಕಂಪನಿಗಳಿಗೆ ಉಂಟಾಯಿತು.

೨. ಬಿಳಿಯ ಕಾರು ಮತ್ತು ದಾದಿಯರ ಸಮವಸ್ತ್ರ

ಕುಟುಂಬದೊಡನೆ ದೂರ ಪ್ರಯಾಣ ಮಾಡುವವರು ಯಾವ ಬಂಕಿನಲ್ಲಿ ನಿಲ್ಲಬೇಕೆಂಬುದನ್ನು ಬಹಳ ಮಟ್ಟಿಗೆ ಅಲ್ಲಿನ ಶೌಚಾಲಯವನ್ನು ನೋಡಿ ತೀರ್ಮಾನಿಸುತ್ತಾರೆಂಬುದನ್ನು ಅಮೆರಿಕದ ಕಂಪನಿಗಳು ಬೇಗ ಅರಿತುಕೊಂಡವು. ೧೯೩೮ರಲ್ಲಿ ಟೆಕ್ಸಾಕೋ ಕಂಪನಿಯು ‘ನೋಂದಾಯಿತ ಶೌಚಾಲಯ’ ಎಂಬ ಯೋಜನೆಯನ್ನು ಆರಂಭಿಸಿತು. ಶುಚಿತ್ವದ ನಿಯಮ ಪಾಲಿಸುವ ಬಂಕುಗಳಿಗೆ ಒಂದು ಫಲಕವನ್ನು ಕೊಟ್ಟು, ಅವುಗಳ ಮೇಲೆ ಕಣ್ಣಿಡಲು ಬಿಳಿಯ ಬಣ್ಣದ ಕಾರುಗಳಲ್ಲಿ ಪರೀಕ್ಷಕರನ್ನು ಕಳುಹಿಸಿತು. ಅವರ ತಂಡಕ್ಕೆ ‘ವೈಟ್ ಪ್ಯಾಟ್ರೋಲ್’ ಎಂದು ಹೆಸರು. ಮರುವರ್ಷ, ಎಂದರೆ ೧೯೩೯ರಲ್ಲಿ, ಫಿಲಿಪ್ಸ್ ಕಂಪನಿಯು ತರಬೇತಿ ಪಡೆದ ದಾದಿಯರನ್ನು ನೇಮಿಸಿತು. ‘ಹೈವೇ ಹಾಸ್ಟೆಸ್’ ಎಂದು ಕರೆಯಲಾಗುತ್ತಿದ್ದ ಈ ದಾದಿಯರು ಸಮವಸ್ತ್ರ ಧರಿಸಿ ಹೆದ್ದಾರಿಗಳಲ್ಲಿ ಸಂಚರಿಸಿ, ಬಂಕುಗಳ ನೈರ್ಮಲ್ಯವನ್ನು ಪರೀಕ್ಷಿಸಿ, ನೌಕರರಿಗೆ ಸಲಹೆ ಕೊಡುತ್ತಿದ್ದರು. ಎರಡನೆಯ ಮಹಾಯುದ್ಧ ಬಂದಾಗ ಆ ಕಾರ್ಯ ನಿಂತಿತು.

ಈ ಯೋಜನೆಗಳು ಜನರ ಮನಸ್ಸನ್ನು ಗೆದ್ದವು. ಬಿಳಿಯ ಕಾರೂ ದಾದಿಯ ಉಡುಪೂ ಒಳ್ಳೆಯ ಜಾಹಿರಾತಾಗಿದ್ದವು. ಆದರೆ ಮಾಪನದ ದೃಷ್ಟಿಯಿಂದ ನೋಡಿದರೆ ಅವುಗಳ ಬಲವೇ ಅವುಗಳ ದೋಷ. ಇವರು ಹೇಳದೆ ಬಂದರೂ ಬಂದೊಡನೆ ಗುರುತು ಸಿಕ್ಕುತ್ತಿತ್ತು. ಶೌಚಾಲಯವನ್ನು ಒಂದು ಕ್ಷಣದಲ್ಲಿ ತೊಳೆಯಲಾಗದೆಂಬುದು ನಿಜ. ಆದರೆ ನೌಕರನ ಮಾತು, ಮುಖಭಾವ, ಚುರುಕು ಇವು ಒಂದು ಕ್ಷಣದಲ್ಲೇ ಬದಲಾಗಬಲ್ಲವು.

ಈ ವಿಷಯದಲ್ಲಿ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳನ್ನು ಎಲ್ಲರೂ ಉದಾಹರಿಸುವುದುಂಟು. ೧೯೨೪ರಿಂದ ೧೯೩೨ರವರೆಗೆ ಅಲ್ಲಿ ಬೆಳಕು, ವಿರಾಮ ಮುಂತಾದವುಗಳಿಗೂ ಕೆಲಸಗಾರರ ಉತ್ಪಾದನೆಗೂ ಇರುವ ಸಂಬಂಧವನ್ನು ಪರೀಕ್ಷಿಸಲಾಯಿತು. ತಮ್ಮನ್ನು ಗಮನಿಸಲಾಗುತ್ತಿದೆಯೆಂಬ ಅರಿವಿನಿಂದಲೇ ಕೆಲಸ ಹೆಚ್ಚಿತೆಂಬ ವ್ಯಾಖ್ಯಾನ ಅನಂತರ ಹುಟ್ಟಿ, ‘ಹಾಥಾರ್ನ್ ಪರಿಣಾಮ’ ಎಂಬ ಹೆಸರು ಪಡೆಯಿತು. ಆ ಕಾಲದ ಅಂಕಿಗಳನ್ನು ಮರುಪರೀಕ್ಷಿಸಿದ ಈಚಿನ ವಿದ್ವಾಂಸರು ಆ ಪ್ರಯೋಗಗಳಿಂದ ಅಷ್ಟು ದೊಡ್ಡ ತೀರ್ಮಾನ ಮಾಡಲಾಗದೆಂದು ಎಚ್ಚರಿಸಿದ್ದಾರೆ. ಹಾಗಿದ್ದರೂ, ಪರೀಕ್ಷಕನ ಇರುವಿಕೆಯು ಪರೀಕ್ಷೆಯ ಫಲವನ್ನು ಕದಡದಂತೆ ನೋಡಿಕೊಳ್ಳಬೇಕೆಂಬ ತತ್ತ್ವದಲ್ಲಿ ಭಿನ್ನಾಭಿಪ್ರಾಯವಿಲ್ಲ.

೩. ಮಾರುವೇಷದ ಗ್ರಾಹಕನ ಕೆಲಸ

ಈಗ ಒಂದು ಭೇಟಿಯನ್ನು ಹಂತ ಹಂತವಾಗಿ ನೋಡೋಣ. ಪ್ರಯಾಣ ಹೊರಡುವ ಮುನ್ನವೇ ಗ್ರಾಹಕನಿಗೆ ತನ್ನ ದಾರಿಯಲ್ಲಿರುವ ಕೆಲವು ಬಂಕುಗಳ ವಿಳಾಸ ಮತ್ತು ಒಂದು ಪ್ರಶ್ನಾವಳಿ ದೊರೆಯುತ್ತದೆ. ಅದನ್ನು ಅವನು ಮನನ ಮಾಡಿಕೊಳ್ಳಬೇಕು. ಬಂಕಿನಲ್ಲಿ ಕಾಗದ ತೆಗೆದು ಬರೆಯುವಂತಿಲ್ಲ. ರಸ್ತೆಯಿಂದ ಒಳಕ್ಕೆ ತಿರುಗುವಾಗಲೇ ಅವನ ಕೆಲಸ ಆರಂಭ. ಹೊರಗಿನ ಫಲಕದಲ್ಲಿರುವ ಬೆಲೆಯೂ ಪಂಪಿನ ಮೇಲಿನ ಬೆಲೆಯೂ ಒಂದೆಯೆ? ಚಾವಣಿಯ ದೀಪಗಳಲ್ಲಿ ಎಷ್ಟು ಉರಿಯುತ್ತಿಲ್ಲ? ಕಸದ ತೊಟ್ಟಿ ತುಂಬಿ ಚೆಲ್ಲಿದೆಯೆ? ಕಾರಿನ ಗಾಜು ಒರೆಸಲು ನೀರೂ ರಬ್ಬರಿನ ಕೋಲೂ ಇವೆಯೆ? ಅಮೆರಿಕದ ಹೆಚ್ಚಿನ ಬಂಕುಗಳಲ್ಲಿ ಪೆಟ್ರೋಲನ್ನು ಗ್ರಾಹಕನೇ ತುಂಬಿಕೊಳ್ಳುತ್ತಾನೆ. ಪಂಪು ರಸೀದಿಯನ್ನು ಕೊಟ್ಟಿತೆ? ಅನಂತರ ಶೌಚಾಲಯ: ಸಾಬೂನು, ಕಾಗದ, ನೀರು, ಬಾಗಿಲಿನ ಅಗುಳಿ. ಕೊನೆಗೆ ಒಳಗಿನ ಅಂಗಡಿ: ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಯಿತು, ಹಣ ತೆಗೆದುಕೊಂಡವರು ಸೌಜನ್ಯದಿಂದ ಮಾತಾಡಿದರೆ, ಚಿಲ್ಲರೆ ಸರಿಯಾಗಿತ್ತೆ?

ಅಲ್ಲಿಂದ ಹೊರಟು, ಬಂಕಿನವರ ಕಣ್ಣಿಗೆ ಬೀಳದ ಕಡೆ ಕಾರು ನಿಲ್ಲಿಸಿ, ನೆನಪು ಮಾಸುವ ಮುನ್ನ ಉತ್ತರಗಳನ್ನು ಬರೆಯಬೇಕು. ರಸೀದಿಯು ಅವನು ನಿಜವಾಗಿಯೂ ಅಲ್ಲಿಗೆ ಹೋಗಿದ್ದನೆಂಬುದಕ್ಕೆ ಸಾಕ್ಷಿ. ಅದರಲ್ಲಿ ದಿನಾಂಕವೂ ವೇಳೆಯೂ ಅಚ್ಚಾಗಿರುತ್ತವೆ. ಈ ಶ್ರಮಕ್ಕೆ ಸಿಕ್ಕುವುದು ಸಣ್ಣ ಸಂಭಾವನೆ. ಕೆಲವು ವೇಳೆ ಕೊಂಡ ಪೆಟ್ರೋಲಿನ ಒಂದಿಷ್ಟು ಹಣ ವಾಪಸು. ದೂರ ಪ್ರಯಾಣ ಮಾಡುವವರು ದಾರಿಯಲ್ಲಿ ಇಂಥ ಐದಾರು ಭೇಟಿಗಳನ್ನು ಪೋಣಿಸಿಕೊಂಡು ದಾರಿಖರ್ಚಿನ ಒಂದು ಭಾಗವನ್ನು ಗಳಿಸುವುದುಂಟು. ಕೆಲವು ಯೋಜನೆಗಳಲ್ಲಿ ಪರೀಕ್ಷೆ ಮುಗಿದ ಕೂಡಲೇ ಗ್ರಾಹಕನು ತನ್ನ ಗುರುತು ಹೇಳಿ, ಫಲವನ್ನು ಅಲ್ಲಿಯೇ ತಿಳಿಸುತ್ತಾನೆ. ಅಳತೆ ಮುಗಿದಿರುವುದರಿಂದ ಗುರುತು ತಿಳಿದರೂ ದೋಷವಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಅಂಶವೊಂದಿದೆ. ‘ಶೌಚಾಲಯ ಕೊಳಕಾಗಿತ್ತು’ ಎಂದು ಬರೆದರೆ ಅದು ಅಭಿಪ್ರಾಯ. ಒಬ್ಬನಿಗೆ ಕೊಳಕಾಗಿ ಕಂಡದ್ದು ಇನ್ನೊಬ್ಬನಿಗೆ ಪರವಾಗಿಲ್ಲವೆನಿಸಬಹುದು. ‘ನೆಲದ ಮೇಲೆ ನೀರು ನಿಂತಿತ್ತು, ಸಾಬೂನು ಇರಲಿಲ್ಲ, ವೇಳೆ ಮಧ್ಯಾಹ್ನ ೩ ಗಂಟೆ ೨೦ ನಿಮಿಷ’ ಎಂದು ಬರೆದರೆ ಅದು ಅವಲೋಕನ. ‘ಬಹಳ ಹೊತ್ತು ಕಾಯಿಸಿದರು’ ಎಂಬುದು ದೂರು. ‘೪ ನಿಮಿಷ ಕಾದೆವು, ಮುಂದೆ ಮೂವರಿದ್ದರು’ ಎಂಬುದು ಅಳತೆ. ಆದುದರಿಂದಲೇ ಒಳ್ಳೆಯ ಪ್ರಶ್ನಾವಳಿಯಲ್ಲಿ ‘ಹೌದು’, ‘ಅಲ್ಲ’ ಅಥವಾ ಒಂದು ಸಂಖ್ಯೆಯಿಂದ ಉತ್ತರಿಸುವ ಪ್ರಶ್ನೆಗಳೇ ಹೆಚ್ಚು. ಬೇರೆ ಬೇರೆ ಮನೋಧರ್ಮದ ನೂರು ಜನರು ಒಂದೇ ಅಳತೆಗೋಲನ್ನು ಹಿಡಿಯುವಂತೆ ಮಾಡುವ ಉಪಾಯವಿದು.

೪. ಕಣ್ಣಿಗೆ ಕಾಣದ ಅಳತೆ

ಸಾಬೂನು ಇದೆಯೇ ಇಲ್ಲವೇ ಎಂಬುದನ್ನು ಕಣ್ಣು ಹೇಳಬಲ್ಲುದು. ಪಂಪು ತೋರಿಸಿದ ೧೦ ಗ್ಯಾಲನ್ ನಿಜವಾಗಿಯೂ ೧೦ ಗ್ಯಾಲನ್ ಆಗಿತ್ತೆ ಎಂಬುದನ್ನು ಯಾವ ಮಾರುವೇಷದ ಗ್ರಾಹಕನ ಕಣ್ಣೂ ಹೇಳಲಾರದು. ಅದು ಸರಕಾರದ ತೂಕ ಮತ್ತು ಅಳತೆ ಅಧಿಕಾರಿಗಳ ಕೆಲಸ. ಅಮೆರಿಕದಲ್ಲಿ ಅವರು ೫ ಗ್ಯಾಲನ್ ಹಿಡಿಯುವ ಪ್ರಮಾಣಿತ ಪಾತ್ರೆಯನ್ನು ತಂದು ಪಂಪಿನಿಂದ ತುಂಬಿಸುತ್ತಾರೆ. ಅದರ ಸಣ್ಣ ಕತ್ತಿನಲ್ಲಿ ಗೆರೆಗಳಿರುತ್ತವೆ. ಅಲ್ಲಿನ ಒಂದು ಗ್ಯಾಲನ್ ೨೩೧ ಘನ ಅಂಗುಲ. ಐದು ಗ್ಯಾಲನ್ ೧೧೫೫ ಘನ ಅಂಗುಲ. ಬಳಕೆಯಲ್ಲಿರುವ ಪಂಪಿಗೆ ೫ ಗ್ಯಾಲನ್ನಿನಲ್ಲಿ ೬ ಘನ ಅಂಗುಲದಷ್ಟು ಹೆಚ್ಚುಕಡಮೆಯನ್ನು ಕ್ಷಮಿಸಲಾಗುತ್ತದೆ. ಇದು ಶೇಕಡ ಅರ್ಧಕ್ಕಿಂತ ತುಸು ಹೆಚ್ಚು. ಪಾತ್ರೆಯ ಕತ್ತನ್ನು ಸಣ್ಣದಾಗಿ ಮಾಡಿರುವುದೇಕೆಂಬುದು ಸುಲಭವಾಗಿ ಹೊಳೆಯುತ್ತದೆ: ಅಗಲವಾದ ಬಾಯಿಯಲ್ಲಿ ಆರು ಘನ ಅಂಗುಲದ ವ್ಯತ್ಯಾಸ ಕೂದಲೆಳೆಯಷ್ಟು ಎತ್ತರವಾಗಿ ಕಂಡರೆ, ಸಣ್ಣ ಕತ್ತಿನಲ್ಲಿ ಬೆರಳಗಲವಾಗಿ ಕಾಣುತ್ತದೆ.

ಇಷ್ಟು ನಿಖರವಾದ ಪಾತ್ರೆಯಿದ್ದರೂ ಮೋಸ ನಡೆಯಿತು. ೧೯೯೮ರಲ್ಲಿ ಲಾಸ್ ಏಂಜಲೀಸ್ ಪ್ರಾಂತದಲ್ಲಿ ನಾಲ್ವರ ಮೇಲೆ ಮೊಕದ್ದಮೆ ಹೂಡಲಾಯಿತು. ಪಂಪುಗಳೊಳಗೆ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಅಡಗಿಸಿ, ಕೊಟ್ಟದ್ದಕ್ಕಿಂತ ಹೆಚ್ಚಿನ ಅಂಕಿ ತೋರುವಂತೆ ಮಾಡಿದ್ದರೆಂಬುದು ಆರೋಪ. ಆ ಚಿಪ್‌ಗಳ ಚಮತ್ಕಾರವೇನೆಂದರೆ, ನಿಖರವಾಗಿ ೫ ಅಥವಾ ೧೦ ಗ್ಯಾಲನ್ ತೆಗೆದಾಗ ಲೆಕ್ಕ ಸರಿಯಾಗಿರುತ್ತಿತ್ತು. ಅಧಿಕಾರಿಗಳ ಪಾತ್ರೆ ಹಿಡಿಯುವುದು ಅಷ್ಟನ್ನೇ ಅಲ್ಲವೆ? ಪರೀಕ್ಷೆಯ ಅಳತೆ ಯಾವುದೆಂದು ಮೊದಲೇ ತಿಳಿದಿದ್ದುದರಿಂದ ಯಂತ್ರವೂ ಇನ್ಸ್‌ಪೆಕ್ಟರು ಬಂದ ದಿನದ ಶಾಲೆಯಂತೆ ವರ್ತಿಸಿತು! ಗುಟ್ಟು ಹೊರಬಿದ್ದುದು ಸಾಮಾನ್ಯ ಗ್ರಾಹಕರಿಂದ. ತಮ್ಮ ಕಾರಿನ ಟ್ಯಾಂಕು ಹಿಡಿಯುವುದಕ್ಕಿಂತಲೂ ಹೆಚ್ಚು ಪೆಟ್ರೋಲನ್ನು ತಮಗೆ ಮಾರಲಾಗಿದೆಯೆಂದು ಅವರು ಒಬ್ಬರಾದ ಮೇಲೊಬ್ಬರು ದೂರು ಕೊಟ್ಟರು. ಅವರು ಕೊಂಡ ಪ್ರಮಾಣಗಳು ೭, ೯, ೧೧ ಹೀಗೆ ಯಾವುದೇ ಕ್ರಮವಿಲ್ಲದವು. ಆದ್ದರಿಂದಲೇ ಯಂತ್ರ ಸಿಕ್ಕಿಬಿದ್ದಿತು.

ನಮ್ಮ ದೇಶದಲ್ಲಿಯೂ ೨೦೧೭ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಪೊಲೀಸರ ವಿಶೇಷ ಕಾರ್ಯಪಡೆಯು ಲಖನೌ ನಗರದ ಕೆಲವು ಬಂಕುಗಳನ್ನು ಶೋಧಿಸಿದಾಗ, ದೂರದಿಂದ ರಿಮೋಟಿನಿಂದ ಚಾಲನೆ ಮಾಡಬಹುದಾದ ಚಿಪ್‌ಗಳು ಪಂಪುಗಳಲ್ಲಿ ದೊರೆತವು. ತನಿಖೆಗೆ ಯಾರಾದರೂ ಬಂದರೆ ಗುಂಡಿ ಒತ್ತಿ ಪಂಪನ್ನು ಸಾಧುವನ್ನಾಗಿ ಮಾಡಬಹುದಾಗಿತ್ತು. ಕಾರು ತಯಾರಿಸುವವರೂ ಇದಕ್ಕೆ ಹೊರತಲ್ಲ. ತನ್ನ ಡೀಸೆಲ್ ಕಾರುಗಳು ಹೊಗೆಯ ಪರೀಕ್ಷೆ ನಡೆಯುತ್ತಿರುವುದನ್ನು ತಾವಾಗಿ ಗುರುತಿಸಿ, ಆ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ತಗ್ಗಿಸುವಂತೆ ವೋಕ್ಸ್‌ವ್ಯಾಗನ್ ಕಂಪನಿ ಏರ್ಪಡಿಸಿದ್ದುದು ೨೦೧೫ರಲ್ಲಿ ಬಯಲಾಯಿತು. ಮೂರು ಪ್ರಸಂಗಗಳಿಂದಲೂ ನಾವು ಕಲಿಯತಕ್ಕದ್ದು ಒಂದೇ. ಪರೀಕ್ಷಕನ ಮುಖವನ್ನು ಮರೆಸಿದರೆ ಸಾಲದು; ಪರೀಕ್ಷೆಯ ವೇಳೆ, ಪ್ರಮಾಣ, ಕ್ರಮ ಇವುಗಳನ್ನೂ ಯಾರೂ ಊಹಿಸಲಾಗದಂತೆ ಬದಲಾಯಿಸುತ್ತಿರಬೇಕು.

೫. ಒಂದು ಭೇಟಿಯ ತೀರ್ಪು

ಮಾರುವೇಷದ ಗ್ರಾಹಕನು ಕಂಡದ್ದನ್ನು ಕಂಡಂತೆ ಬರೆದನೆಂದೇ ಇಟ್ಟುಕೊಳ್ಳೋಣ. ಅಷ್ಟರಿಂದ ಬಂಕಿನ ಗುಣವನ್ನು ನಿರ್ಣಯಿಸಬಹುದೆ? ಅವಸರ ಪಡಬಾರದು. ಆ ವರದಿಯ ಮೇಲೆ ಒಬ್ಬ ನೌಕರನ ಬಹುಮಾನ, ಕೆಲವೊಮ್ಮೆ ಅವನ ಕೆಲಸವೇ ನಿಂತಿರಬಹುದು.

ಎರಡು ಬಂಕುಗಳನ್ನು ಕಲ್ಪಿಸಿಕೊಳ್ಳಿ. ‘ಅ’ ಬಂಕಿನ ಶೌಚಾಲಯ ಯಾವಾಗ ನೋಡಿದರೂ ೧೦೦ರಲ್ಲಿ ೯೦ ಸಲ ಶುಚಿಯಾಗಿರುತ್ತದೆ. ಬಸ್ಸೊಂದು ಬಂದು ಹೋದ ಒಡನೆ ಸ್ವಲ್ಪ ಹೊತ್ತು ಮಾತ್ರ ಕೆಡುತ್ತದೆ. ‘ಆ’ ಬಂಕಿನದು ೧೦೦ರಲ್ಲಿ ೫೦ ಸಲ ಮಾತ್ರ ಶುಚಿ. ಒಂದೇ ಭೇಟಿ ಕೊಟ್ಟರೆ ಒಳ್ಳೆಯ ‘ಅ’ ಬಂಕು ನಪಾಸಾಗುವ ಸಂಭವನೀಯತೆ ೧೦ರಲ್ಲಿ ೧. ಕೆಟ್ಟ ‘ಆ’ ಬಂಕು ಪಾಸಾಗುವ ಸಂಭವನೀಯತೆ ೨ರಲ್ಲಿ ೧. ಇದು ನ್ಯಾಯವೆಂದು ಹೇಳುವುದು ಕಷ್ಟ.

ಈಗ ತಿಂಗಳಿಗೊಂದರಂತೆ ವರ್ಷಕ್ಕೆ ೧೨ ಭೇಟಿ ಮಾಡೋಣ. ಒಂದು ಭೇಟಿಯ ಫಲ ಮತ್ತೊಂದನ್ನು ಅವಲಂಬಿಸಿಲ್ಲವೆಂದು ಭಾವಿಸೋಣ. ‘ಅ’ ಬಂಕು ಹನ್ನೆರಡರಲ್ಲಿಯೂ ಪಾಸಾಗುವ ಸಂಭವನೀಯತೆಯನ್ನು ತಿಳಿಯಲು ೦.೯ನ್ನು ಹನ್ನೆರಡು ಸಲ ಗುಣಿಸಬೇಕು. ಬರುವ ಉತ್ತರ ಸುಮಾರು ೦.೨೮. ಎಂದರೆ ‘ಒಂದು ತಪ್ಪಿದರೂ ಶಿಕ್ಷೆ’ ಎಂಬ ನಿಯಮವಿದ್ದರೆ ಇಂಥ ಒಳ್ಳೆಯ ಬಂಕುಗಳು ೧೦೦ ಇದ್ದಲ್ಲಿ ಸುಮಾರು ೭೨ ಬಂಕುಗಳಿಗೆ ಶಿಕ್ಷೆಯಾಗುತ್ತದೆ! ಅದರ ಬದಲು ‘೧೨ರಲ್ಲಿ ೯ ಸಲ ಪಾಸಾದರೆ ಸಾಕು’ ಎಂದು ನಿಯಮ ಮಾಡೋಣ. ಆಗ ‘ಅ’ ಬಂಕು ಉತ್ತೀರ್ಣವಾಗುವ ಸಂಭವನೀಯತೆ ೧೦೦ರಲ್ಲಿ ಸುಮಾರು ೯೭. ‘ಆ’ ಬಂಕಿನದು ೧೦೦ರಲ್ಲಿ ಸುಮಾರು ೭ ಮಾತ್ರ. ಬಂಕುಗಳು ಬದಲಾಗಲಿಲ್ಲ, ಗ್ರಾಹಕನ ಕಣ್ಣು ಚುರುಕಾಗಲಿಲ್ಲ. ಭೇಟಿಗಳ ಸಂಖ್ಯೆ ಹೆಚ್ಚಿ, ನಿಯಮ ವಿವೇಕದಿಂದ ಕೂಡಿತು, ಅಷ್ಟೆ.

ಭೇಟಿಗಳ ಸಂಖ್ಯೆ ಹೆಚ್ಚಿದರೂ ಅವು ಒಂದೇ ಹೊತ್ತಿಗೆ ಬೀಳಬಾರದು. ಪ್ರಯಾಣಿಕರು ಸಾಮಾನ್ಯವಾಗಿ ಹಗಲಿನಲ್ಲಿ, ಅದರಲ್ಲಿಯೂ ರಜೆಯ ದಿನಗಳಲ್ಲಿ ಸಂಚರಿಸುತ್ತಾರೆ. ಅವರ ವರದಿಗಳನ್ನೆಲ್ಲ ಕೂಡಿಸಿದರೂ ನಡುರಾತ್ರಿ ಎರಡು ಗಂಟೆಯ ಬಂಕು ನಮಗೆ ಕಾಣಿಸುವುದಿಲ್ಲ. ದಿನದ ಗಂಟೆಗಳನ್ನು ಚೀಟಿಗಳಲ್ಲಿ ಬರೆದು ಕಣ್ಣುಮುಚ್ಚಿ ಎತ್ತಿ, ಬಂದ ಗಂಟೆಗೆ ಭೇಟಿಯನ್ನು ಗೊತ್ತುಮಾಡುವುದೇ ಇದಕ್ಕೆ ಪರಿಹಾರ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಯಾದೃಚ್ಛಿಕ ಆಯ್ಕೆ ಎನ್ನುತ್ತೇವೆ.

೬. ಕೇಳದೆ ಉಳಿದ ಪ್ರಶ್ನೆ

ಬಿಳಿಯ ಕಾರುಗಳೂ ದಾದಿಯರೂ ಸಂಚರಿಸುತ್ತಿದ್ದ ಅದೇ ಕಾಲದಲ್ಲಿ, ಅದೇ ರಸ್ತೆಗಳಲ್ಲಿ, ಕರಿಯ ಜನಾಂಗದ ಪ್ರಯಾಣಿಕರೂ ಹೋಗುತ್ತಿದ್ದರು. ಅನೇಕ ಬಂಕುಗಳಲ್ಲಿ ಅವರಿಂದ ಪೆಟ್ರೋಲಿನ ಹಣವನ್ನು ತೆಗೆದುಕೊಂಡು ಶೌಚಾಲಯದ ಬಾಗಿಲನ್ನು ಮಾತ್ರ ತೆರೆಯುತ್ತಿರಲಿಲ್ಲ. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ ಅವರು ೧೯೩೬ರಲ್ಲಿ ಇಂಥ ಪ್ರಯಾಣಿಕರಿಗಾಗಿಯೇ ಒಂದು ಕೈಪಿಡಿಯನ್ನು ಪ್ರಕಟಿಸತೊಡಗಿದರು. ‘ಗ್ರೀನ್ ಬುಕ್’ ಎಂದು ಪ್ರಸಿದ್ಧವಾದ ಆ ಕೈಪಿಡಿಯಲ್ಲಿ ಅವಮಾನವಿಲ್ಲದೆ ತಂಗಬಹುದಾದ ಮನೆಗಳು, ಊಟದ ಸ್ಥಳಗಳು, ಬಂಕುಗಳು ಇವುಗಳ ಪಟ್ಟಿ ಇರುತ್ತಿತ್ತು. ಎಸ್ಸೋ ಕಂಪನಿಯ ಬಂಕುಗಳಲ್ಲಿ ಅದು ದೊರೆಯುತ್ತಿತ್ತು. ೧೯೬೦ರ ದಶಕದ ಮಧ್ಯಭಾಗದವರೆಗೂ ಅದು ಅಚ್ಚಾಗುತ್ತಿದ್ದಿತು.

ನೈರ್ಮಲ್ಯದ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದ ಒಂದು ಬಂಕು, ಬಾಗಿಲಲ್ಲೇ ತಡೆಯಲ್ಪಟ್ಟ ಪ್ರಯಾಣಿಕನಿಗೆ ಏನಾಗಿ ಕಾಣುತ್ತಿತ್ತೆಂಬುದನ್ನು ಯೋಚಿಸಿರಿ. ಸಾಬೂನು ಇದೆಯೆ ಎಂದು ಪ್ರಶ್ನಾವಳಿ ಕೇಳುತ್ತದೆ. ಯಾರಿಗೆ ಎಂದು ಕೇಳದಿದ್ದರೆ ಉತ್ತರದಲ್ಲಿ ಅದು ಬರುವುದಿಲ್ಲ. ಫಲವು ಅಳೆಯುವವನು ಯಾರೆಂಬುದನ್ನೂ ಅವಲಂಬಿಸಿದೆ. ಈ ಕೊರತೆಯನ್ನು ನೀಗಲು ಸಮಾಜವಿಜ್ಞಾನಿಗಳು ಜೋಡಿ ಪರೀಕ್ಷೆಯನ್ನು ಬಳಸುತ್ತಾರೆ. ಉಡುಪು, ಮಾತು, ಹಣ ಎಲ್ಲವೂ ಸಮನಾಗಿರುವ, ಜನಾಂಗದಲ್ಲಿ ಮಾತ್ರ ಭೇದವಿರುವ ಇಬ್ಬರನ್ನು ಒಂದೇ ಸ್ಥಳಕ್ಕೆ ಒಬ್ಬರಾದ ಮೇಲೊಬ್ಬರನ್ನು ಕಳುಹಿಸಿ, ಇಬ್ಬರಿಗೂ ದೊರೆತ ಉಪಚಾರವನ್ನು ಹೋಲಿಸುವುದೇ ಇದರ ಕ್ರಮ. ಒಂದನ್ನು ಮಾತ್ರ ಬದಲಾಯಿಸಿ ಉಳಿದುದೆಲ್ಲವನ್ನೂ ಸ್ಥಿರವಾಗಿಡುವ ಪ್ರಯೋಗಶಾಲೆಯ ಕ್ರಮವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಕದ್ದು ನೋಡುವುದು ನೌಕರನಿಗೆ ಅನ್ಯಾಯವಲ್ಲವೆ ಎಂದು ಕೆಲವರು ಕೇಳಬಹುದು. ಇಂಥ ಭೇಟಿಗಳು ನಡೆಯುತ್ತವೆಂಬುದನ್ನು ನೌಕರರಿಗೆ ಮೊದಲೇ ಹೇಳಿರಬೇಕು; ಯಾವಾಗ, ಯಾರಿಂದ ಎಂಬುದನ್ನು ಮಾತ್ರ ಹೇಳಕೂಡದು. ಆಗ ಬರುವ ಪ್ರತಿಯೊಬ್ಬನೂ ಪರೀಕ್ಷಕನಾಗಿರಬಹುದೆಂಬ ಎಚ್ಚರದಿಂದ ಎಲ್ಲರಿಗೂ ಒಳ್ಳೆಯ ಸೇವೆ ದೊರೆಯುತ್ತದೆ. ಫಲವನ್ನು ಹಲವು ಭೇಟಿಗಳ ಮೇಲೆ ನಿರ್ಣಯಿಸಿ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಟ್ಟರೆ ಅನ್ಯಾಯಕ್ಕೆ ಎಡೆಯಿರುವುದಿಲ್ಲ.

೭. ನಮ್ಮ ಬಂಕುಗಳಲ್ಲಿ

ನಮ್ಮ ದೇಶದಲ್ಲಿ ಗ್ರಾಹಕನಿಗೆ ಮಾರುವೇಷದ ಅಗತ್ಯವಿಲ್ಲದ ಕೆಲವು ಹಕ್ಕುಗಳಿವೆ. ಅಳತೆಯಲ್ಲಿ ಸಂಶಯ ಬಂದರೆ ಮುದ್ರೆಯೊತ್ತಿದ ೫ ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳಬಹುದು. ೫ ಲೀಟರಿನಲ್ಲಿ ೨೫ ಮಿಲಿಲೀಟರ್, ಎಂದರೆ ಶೇಕಡ ಅರ್ಧದಷ್ಟು, ವ್ಯತ್ಯಾಸವನ್ನು ಕ್ಷಮಿಸಲಾಗುತ್ತದೆ. ಕಲಬೆರಕೆಯ ಸಂಶಯವಿದ್ದರೆ ಫಿಲ್ಟರ್ ಕಾಗದ ಕೇಳಬಹುದು. ನಳಿಕೆಯ ಬಾಯನ್ನು ಒರೆಸಿ ಒಂದು ಹನಿ ಪೆಟ್ರೋಲನ್ನು ಅದರ ಮೇಲೆ ಬಿಟ್ಟರೆ ಸುಮಾರು ಎರಡು ನಿಮಿಷಗಳಲ್ಲಿ ಅದು ಕಲೆಯುಳಿಸದೆ ಆರಬೇಕು. ಸೀಮೆಎಣ್ಣೆಯಂಥ ಬೇಗ ಆರದ ದ್ರವ ಬೆರೆತಿದ್ದರೆ ಕಲೆ ಉಳಿಯುತ್ತದೆ. ಹೈಡ್ರೋಮೀಟರಿನಿಂದ ಸಾಂದ್ರತೆಯನ್ನೂ ನೋಡಬಹುದು. ಪಂಪಿನ ಅಂಕಿ ಸೊನ್ನೆಯಲ್ಲಿದೆಯೆ ಎಂದು ನೋಡುವುದಕ್ಕಂತೂ ಯಾವ ಉಪಕರಣವೂ ಬೇಡ. ಅಳತೆಯ ವಿಷಯದಲ್ಲಿ ದೂರು ಕೊಡಲು ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ಅದರ ಕೆಲಸಕ್ಕೆ ಆಧಾರ ೨೦೦೯ರ ಅಧಿನಿಯಮ.

ಈ ಹಕ್ಕುಗಳ ಹಿಂದೆ ಬೆಲೆ ತೆತ್ತವರಿದ್ದಾರೆಂಬುದನ್ನು ಕನ್ನಡನಾಡಿನ ವಿದ್ಯಾರ್ಥಿಗಳು ಮರೆಯಬಾರದು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಷಣ್ಮುಗಂ ಮಂಜುನಾಥ್ ಎಂಬ ಯುವಕರು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಗೆ ಹೋದರು. ಕಲಬೆರಕೆ ಮಾಡುತ್ತಿದ್ದ ಬಂಕಿನ ಮಾರಾಟವನ್ನು ನಿಲ್ಲಿಸಿದರು. ಹೇಳದೆ ಹೋಗಿ ಮತ್ತೆ ಪರೀಕ್ಷಿಸಲೂ ಹಿಂಜರಿಯಲಿಲ್ಲ. ೨೦೦೫ರ ನವೆಂಬರ್ ೧೯ರಂದು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರಿಗೆ ಆಗ ೨೭ ವರ್ಷ. ಅಪರಾಧಿಗಳಿಗೆ ನ್ಯಾಯಾಲಯಗಳು ಶಿಕ್ಷೆ ವಿಧಿಸಿದವು. ಮಂಜುನಾಥರು ವೇಷ ಮರೆಸಿ ಹೋದವರಲ್ಲ. ಸ್ವಂತ ಹೆಸರಿನಲ್ಲಿ, ಹಗಲು ಬೆಳಕಿನಲ್ಲಿ ಅಳತೆ ನೋಡಿದವರು. ಅಳೆಯುವ ಕೆಲಸಕ್ಕೆ ಉಪಕರಣ ಮತ್ತು ಗಣಿತಗಳೊಡನೆ ಧೈರ್ಯವೂ ಬೇಕು. ಆ ಧೈರ್ಯವನ್ನು ಒಬ್ಬನ ಮೇಲೆಯೇ ಹೊರಿಸದೆ, ಬಂಕಿನಲ್ಲಿ ನಿಂತ ಪ್ರತಿಯೊಬ್ಬ ಗ್ರಾಹಕನೂ ‘ಪಾತ್ರೆ ತನ್ನಿ, ಅಳೆದು ನೋಡೋಣ’ ಎಂದು ಕೇಳುವಂತಾದರೆ ಪರೀಕ್ಷಕರ ಹೊರೆ ಹಗುರಾಗುತ್ತದೆ.

ಅಭ್ಯಾಸ

೧. ಪೆಟ್ರೋಲಿನ ಉಷ್ಣತೆ ೧ ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಗಾತ್ರ ಸುಮಾರು ಸಾವಿರದಲ್ಲಿ ಒಂದು ಭಾಗ ಹೆಚ್ಚುತ್ತದೆ. ೫ ಲೀಟರ್ ಪೆಟ್ರೋಲು ೨೫ ಮಿಲಿಲೀಟರಿನಷ್ಟು ಹಿಗ್ಗಲು ಎಷ್ಟು ಡಿಗ್ರಿ ಏರಬೇಕು? ಪಾತ್ರೆಯನ್ನು ಬಿಸಿಲಿನಲ್ಲಿ ಬಹಳ ಹೊತ್ತು ಇಟ್ಟು ಅಳೆಯುವುದು ಸರಿಯೆ?

೨. ಲಾಸ್ ಏಂಜಲೀಸಿನ ಮೋಸವನ್ನು ಬೇಗ ಹಿಡಿಯಲು ಅಧಿಕಾರಿಗಳು ಪರೀಕ್ಷೆಯ ಕ್ರಮವನ್ನು ಹೇಗೆ ಬದಲಾಯಿಸಬಹುದಾಗಿತ್ತು?

೩. ನಿಮ್ಮ ಶಾಲೆಯ ಕುಡಿಯುವ ನೀರಿನ ನಲ್ಲಿಯ ಬಳಿ ಸ್ಥಳ ಶುಚಿಯಾಗಿದೆಯೆ ಎಂಬುದನ್ನು ಒಂದು ತಿಂಗಳ ಕಾಲ ಪರೀಕ್ಷಿಸಿರಿ. ‘ಹೌದು’, ‘ಅಲ್ಲ’ ಎಂದು ಉತ್ತರಿಸುವ ಐದು ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿರಿ. ನೋಡುವ ವೇಳೆಯನ್ನು ಚೀಟಿ ಎತ್ತಿ ಗೊತ್ತುಮಾಡಿರಿ. ಯಾರ ಹೆಸರನ್ನೂ ಬರೆಯಬೇಡಿರಿ. ಇಂಥ ಪರೀಕ್ಷೆ ನಡೆಯುತ್ತಿದೆಯೆಂದು ಎಲ್ಲರಿಗೂ ಹೇಳಿದ ಮೇಲೆ ಫಲ ಬದಲಾಯಿತೆ ಎಂಬುದನ್ನೂ ನೋಡಿರಿ.